ಮಕ್ಕಳನ್ನು ನೋಡಿಕೊಳ್ಳೋಕೂ ಕಾಲೇಜು ಬೇಕಾ?

ತುಂತುರು:
ಎಲ್ಲರಿಗೂ ನಮಸ್ಕಾರ. ಡಿಗ್ರಿ ಮುಗಿಸಿ ಆಫೀಸ್ ಕೆಲಸಕ್ಕೆ ಸೇರಿ ಒಂದು ವರ್ಷ ಆಯಿತು, ಯಾಕೋ ಮನಸ್ಸು ನಿಲ್ಲುತ್ತಿಲ್ಲ. ಪುಟ್ಟ ಮಕ್ಕಳ ಜೊತೆ ಕೆಲಸ ಮಾಡಬೇಕು ಅಂತ ಮೊದಲಿಂದಲೂ ಆಸೆ. ಬಾಲ್ಯ ಶಿಕ್ಷಣದ ಕೋರ್ಸ್ ಮಾಡುತ್ತೇನೆ ಅಂದರೆ ಮನೆಯಲ್ಲಿ ಎಲ್ಲರದೂ ಒಂದೇ ಮಾತು, "ಮಕ್ಕಳನ್ನು ನೋಡಿಕೊಳ್ಳೋಕೆ ಕಾಲೇಜು ಯಾಕೆ, ನಿಮ್ಮಜ್ಜಿ ಏಳು ಮಕ್ಕಳನ್ನು ಸಾಕಲಿಲ್ವಾ?" ನಿಜ ಹೇಳಬೇಕು ಅಂದರೆ ನನ್ನ ಹತ್ತಿರವೂ ಇದಕ್ಕೆ ಉತ್ತರ ಇಲ್ಲ. ಅಕ್ಕನ ಇಬ್ಬರು ಮಕ್ಕಳನ್ನು ಎತ್ತಿ ಆಡಿಸಿದ್ದೇನೆ, ಡೈಪರ್ ಬದಲಾಯಿಸೋದು ಗೊತ್ತು, ಹಾಡು ಕಥೆ ಬರುತ್ತದೆ. ಇದರ ಮೇಲೆ ಕಾಲೇಜು ಏನು ಕಲಿಸುತ್ತದೆ? ಓದಿದವರು, ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ. ಸುಮ್ನೆ ಸರ್ಟಿಫಿಕೇಟ್‌ಗೋಸ್ಕರ ಓದೋದಾದರೆ ಬೇಡ.

ಕಾಗದದ ದೋಣಿ:
ಒಂಬತ್ತು ವರ್ಷದಿಂದ ಶಿಶುವಿಹಾರದಲ್ಲಿ, ಎರಡು ವರ್ಷದ ಮಕ್ಕಳ ಕೋಣೆಯಲ್ಲಿ ಇದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಅಜ್ಜಿಗೆ ಏಳೂ ಮಕ್ಕಳು ಸ್ವಂತದವು. ಯಾರ ಅಳು ಯಾವುದಕ್ಕೆ ಅಂತ ಹುಟ್ಟಿದಾಗಿನಿಂದ ಗೊತ್ತಿತ್ತು. ನಮಗೆ ಹಾಗಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಬೇರೆಯವರ ಹನ್ನೆರಡು ಮಕ್ಕಳು, ಹನ್ನೆರಡು ಮನೆಯ ಅಭ್ಯಾಸ, ಅದರಲ್ಲಿ ಇಬ್ಬರಿಗೆ ಮಾತೇ ಬಂದಿಲ್ಲ.

ಕಾಲೇಜಿನಲ್ಲಿ ನಾನು ಕಲಿತ ದೊಡ್ಡ ವಿಷಯ ಒಂದೇ, ನೋಡೋದು. ಮೊದಲ ಸೆಮಿಸ್ಟರ್‌ನಲ್ಲಿ ಮೂಲೆಯಲ್ಲಿ ಕೂರಿಸಿ, ಒಂದೇ ಮಗುವನ್ನು 15 ನಿಮಿಷ ನೋಡಿ ಕಂಡದ್ದನ್ನು ಬರೀರಿ ಅಂದರು. ನಾನು ಬರೆದೆ, "ಹುಡುಗನಿಗೆ ಸಿಟ್ಟು ಬಂತು, ಹಠ ಮಾಡಿ ಬ್ಲಾಕ್ ಎಸೆದ." ಮೇಡಂ ಸಿಟ್ಟು, ಹಠ ಎರಡಕ್ಕೂ ಕೆಂಪು ಗೆರೆ ಎಳೆದು, "ಇವು ನಿನಗೆ ಎಲ್ಲಿ ಕಾಣಿಸಿದವು?" ಅಂತ ಕೇಳಿದರು. ಎರಡನೇ ದಿನ ಅದೇ ಹುಡುಗನ ಬಗ್ಗೆ ಹೀಗೆ ಬರೆದೆ: ಮೂರು ಬ್ಲಾಕ್ ಜೋಡಿಸಿದ. ಬಾಗಿಲು ಸದ್ದಾಯಿತು. ತಿರುಗಿ ನೋಡಿದ. ಬ್ಲಾಕ್ ಬಿಟ್ಟ. ಮತ್ತೆ ಜೋಡಿಸಿದ. ಬಾಗಿಲು ಸದ್ದಾಯಿತು, ತಿರುಗಿ ನೋಡಿದ, ಈ ಸಲ ಎಸೆದ. ಅವನು ಸೇರಿ ನಾಲ್ಕೇ ದಿನ ಆಗಿತ್ತು. ಬಾಗಿಲು ತೆರೆದಾಗಲೆಲ್ಲ ಅಮ್ಮ ಬಂದಳು ಅಂದುಕೊಳ್ಳುತ್ತಿದ್ದ. ಬ್ಲಾಕ್‌ಗೂ ಸಿಟ್ಟಿಗೂ ಸಂಬಂಧವೇ ಇರಲಿಲ್ಲ. ಬೌಲ್ಬಿ ಎಂಬ ಮನೋವೈದ್ಯರು ತಾಯಿ-ಮಗುವಿನ ಬಾಂಧವ್ಯದ ಬಗ್ಗೆ ಹೇಳಿದ್ದು ನಮಗೆ ಪಾಠದಲ್ಲಿ ಇತ್ತು, ಉರು ಹೊಡೆದಿದ್ದೆ ಕೂಡ. ಆದರೆ ತಲೆಗೆ ಹತ್ತಿದ್ದು ಆ ಬಾಗಿಲ ಸದ್ದಿನಿಂದ.

ಹೀಗೆ ನೋಡೋದು ಬಂದರೆ ಉಳಿದ ಥಿಯರಿಗೂ ಜೀವ ಬರುತ್ತದೆ. ಮಿಲ್ಡ್ರೆಡ್ ಪಾರ್ಟನ್ ಅನ್ನುವವರು 1932ರಲ್ಲಿ ಮಕ್ಕಳ ಆಟದ ಹಂತಗಳನ್ನು ಗುರುತಿಸಿದರು. ಒಬ್ಬೊಬ್ಬರೇ ಆಡೋದು, ಬೇರೆಯವರ ಆಟ ನೋಡುತ್ತಾ ನಿಲ್ಲೋದು, ಪಕ್ಕಪಕ್ಕ ಕೂತು ತಮ್ಮ ಪಾಡಿಗೆ ತಾವು ಆಡೋದು, ಆಮೇಲೆ ಜೊತೆಗೂಡಿ ಆಡೋದು. ಇದು ಗೊತ್ತಿಲ್ಲದವರು ಎರಡು ವರ್ಷದ ಮಗುವಿಗೆ "ಹಂಚಿಕೊಂಡು ಆಡು" ಅಂತ ದಿನಕ್ಕೆ ನೂರು ಸಲ ಹೇಳುತ್ತಾರೆ. ಆ ವಯಸ್ಸಿಗೆ ಪಕ್ಕದಲ್ಲಿ ಕೂತು ಆಡಿದರೇ ದೊಡ್ಡದು. ನಾವು ಒಂದೇ ಥರದ ಎರಡು ಲಾರಿ ಇಡುತ್ತೇವೆ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಿದ್ದೆಗೆಟ್ಟವ:
ಮೇಲೆ ಅಕ್ಕ ಹೇಳಿದ್ದು ಸರಿ. ನಾನು ಕೂಸುಗಳ ಕೋಣೆಯವನು. ಹೌದು, ಗಂಡಸು, ಮೊದಲ ವಾರ ಪೋಷಕರು ನನ್ನನ್ನು ಎಲೆಕ್ಟ್ರಿಷಿಯನ್ ಅಂದುಕೊಂಡಿದ್ದರು.

ಒಂದು ವಿಷಯ ಸೇರಿಸುತ್ತೇನೆ. ಡೈಪರ್ ಗೊತ್ತು ಅಂದಿರಿ. ಒಂದು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡು, ಅಳೋಕೂ ಆಗದೆ, ಉಸಿರೂ ಬಾರದೆ ಒದ್ದಾಡುತ್ತಿದೆ. ಏನು ಮಾಡುತ್ತೀರಿ? ಹೆಚ್ಚಿನವರು ಬೆರಳು ಹಾಕಿ ತಡಕಾಡುತ್ತಾರೆ, ಅದು ಇನ್ನೂ ಒಳಗೆ ಹೋಗಬಹುದು. ದೊಡ್ಡವರಿಗೆ ಒತ್ತುವ ಹಾಗೆ ಹೊಟ್ಟೆ ಒತ್ತೋದೂ ಕೂಸಿಗೆ ಸಲ್ಲದು. ನಮಗೆ ಕಲಿಸಿದ್ದು ಇದು: ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗೆ ಇರಬೇಕು, ಬೆನ್ನಿನ ಮೇಲೆ 5 ಏಟು. ಹೋಗದಿದ್ದರೆ ತಿರುಗಿಸಿ ಎದೆ ಮೂಳೆಯ ಮೇಲೆ 5 ಸಲ ಒತ್ತೋದು. ಹೊರಗೆ ಬರುವ ತನಕ ಹೀಗೇ ಮಾಡಬೇಕು. ಇನ್ನೊಬ್ಬರು ಅಷ್ಟರಲ್ಲಿ ಆಂಬುಲೆನ್ಸ್‌ಗೆ ಫೋನ್ ಮಾಡಬೇಕು. ಓದಿದರೆ ಎರಡು ಸಾಲು. ಬೊಂಬೆ ಮೇಲೆ ಮಾಡಿಸಿದಾಗ ನಾನು ಮೂರು ಸಲ ತಪ್ಪು ಮಾಡಿದೆ, ಬೊಂಬೆ ಅಂತ ಗೊತ್ತಿದ್ದೂ ಕೈ ನಡುಗುತ್ತಿತ್ತು. ನೀವೂ ಇದನ್ನು ಓದಿ ಕಲಿತೆ ಅಂದುಕೊಳ್ಳಬೇಡಿ, ತರಬೇತಿಯಲ್ಲೇ ಕಲಿಯಿರಿ.

ಅಜ್ಜಿಯರು ಕೂಸನ್ನು ಬೋರಲು ಮಲಗಿಸುತ್ತಿದ್ದರು. ಈಗ ಬೆನ್ನ ಮೇಲೆ, ಗಟ್ಟಿ ಹಾಸಿಗೆ ಮೇಲೆ, ದಿಂಬು ಬೊಂಬೆ ಏನೂ ಇಲ್ಲದೆ ಮಲಗಿಸಬೇಕು. ನಿದ್ದೆಯಲ್ಲೇ ಮಗು ತೀರಿಕೊಳ್ಳುವ ಅಪಾಯ ಇದರಿಂದ ಕಡಿಮೆ ಆಗುತ್ತದೆ. ಮನೆಯವರಿಗೆ ಇದನ್ನೂ ಹೇಳಿ.

ಅರ್ಧ ಚಂದ್ರ:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಪೂರ್ತಿ ಡಿಗ್ರಿ ಮಾಡಿ ಐದು ವರ್ಷ ಕೆಲಸ ಮಾಡಿ ಬಿಟ್ಟವಳು ನಾನು. ಕಲಿತದ್ದಕ್ಕೆ ತಕ್ಕ ಸಂಬಳ ಈ ಕೆಲಸದಲ್ಲಿ ಇಲ್ಲ. ಇದನ್ನು ಯಾವ ಕಾಲೇಜಿನ ಜಾಹೀರಾತೂ ಹೇಳೋಲ್ಲ. ಬದಲಿಗೆ ಪೆರಿ ಪ್ರೀಸ್ಕೂಲ್ ಕಥೆ ಹೇಳುತ್ತಾರೆ. 1962ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಡ ಕುಟುಂಬಗಳ 123 ಮಕ್ಕಳ ಮೇಲೆ ಶುರುವಾದ ಅಧ್ಯಯನ, ಅವರಿಗೆ 40 ವರ್ಷ ಆದಾಗಲೂ ವಿಚಾರಿಸಿದರು, ಪ್ರೀಸ್ಕೂಲಿಗೆ ಹೋದವರ ಸಂಪಾದನೆ ಜಾಸ್ತಿ, ಪೊಲೀಸ್ ಕೇಸು ಕಡಿಮೆ. ಎಲ್ಲಾ ನಿಜ. ಆದರೆ ಅಲ್ಲಿ ಒಬ್ಬ ಟೀಚರಿಗೆ ಐದಾರು ಮಕ್ಕಳು, ಅವರೆಲ್ಲ ತರಬೇತಿ ಆದವರು, ವಾರಕ್ಕೊಮ್ಮೆ ಮಗುವಿನ ಮನೆಗೂ ಹೋಗುತ್ತಿದ್ದರು. ನಾನಿದ್ದ ಕಡೆ ಇಪ್ಪತ್ತೆರಡು ಮಕ್ಕಳಿಗೆ ನಾನೊಬ್ಬಳು. ಯಾವ ಮೂಲೆಯಲ್ಲಿ ಕೂತು 15 ನಿಮಿಷ ನೋಡಲಿ ಹೇಳಿ?

ಓದಬೇಡಿ ಅಂತಲ್ಲ. ಅದೇ ಓದಿನಿಂದ ನಾನೀಗ ಮಾತು ತಡವಾದ, ಬೆಳವಣಿಗೆ ನಿಧಾನವಾದ ಮಕ್ಕಳ ಜೊತೆ ಒಬ್ಬೊಬ್ಬರಾಗಿ ಕೆಲಸ ಮಾಡುತ್ತೇನೆ. ಚಿಕ್ಕ ಕೋರ್ಸ್ ಮಾಡಿದ್ದರೆ ಈ ದಾರಿ ತೆರೆಯುತ್ತಿರಲಿಲ್ಲ. ಆದರೆ ಕಣ್ಣು ಬಿಟ್ಟುಕೊಂಡು ಸೇರಿ.

ಕಾಗದದ ದೋಣಿ:
@ಅರ್ಧ ಚಂದ್ರ, ಇಪ್ಪತ್ತೆರಡಕ್ಕೆ ಒಬ್ಬರಾ! ಓಡಿ ಬಂದಿದ್ದೇ ಒಳ್ಳೇದಾಯಿತು. ನಿಮ್ಮ ಮಾತು ಒಪ್ಪಿದೆ.

@ತುಂತುರು, ಕಾಲೇಜು ನೋಡೋಕೆ ಹೋದಾಗ ಕಟ್ಟಡ ನೋಡಬೇಡಿ. ಮಕ್ಕಳ ಜೊತೆ ಒಟ್ಟು ಎಷ್ಟು ಗಂಟೆ ಪ್ರಾಕ್ಟಿಕಲ್, ಕೂಸುಗಳ ಕೋಣೆಗೂ ಕಳಿಸುತ್ತಾರಾ ಅಥವಾ ಬರೀ ನಾಲ್ಕು ವರ್ಷದವರ ಜೊತೆಯಾ, ನಾವು ಬರೆದದ್ದನ್ನು ಓದಿ ತಿದ್ದುವವರು ಯಾರು, ಅಂತ ಕೇಳಿ. ಸ್ವಂತ ಶಿಶುವಿಹಾರ ಇರುವ ಕಾಲೇಜು ಸಿಕ್ಕಿದರೆ ಅರ್ಧ ಗಂಟೆ ಅಲ್ಲಿ ನಿಂತುಕೊಳ್ಳಿ. ಟೀಚರ್ ಮಗುವಿನ ಹತ್ತಿರ ಮಾತಾಡುವಾಗ ಮಂಡಿಯೂರಿ ಕೂರುತ್ತಾರಾ, ಇಲ್ಲ ಕೋಣೆಯ ಆ ಕಡೆಯಿಂದಲೇ ಕೂಗುತ್ತಾರಾ ನೋಡಿ. ನನಗಂತೂ ಅಷ್ಟು ಸಾಕು.

ತುಂತುರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಬಳದ ವಿಷಯ ಓದಿ ಸ್ವಲ್ಪ ಭಯ ಆಯಿತು, ಆದರೂ ಎರಡು ಕಾಲೇಜಿಗೆ ಫೋನ್ ಮಾಡಿದ್ದೇನೆ. ಒಂದರಲ್ಲಿ ಪ್ರಾಕ್ಟಿಕಲ್ ಕೊನೇ ತಿಂಗಳು ಮಾತ್ರ ಅಂದರು, ಅದು ಬಿಟ್ಟೆ.

ಆ 15 ನಿಮಿಷದ ಆಟ ಅಕ್ಕನ ಚಿಕ್ಕ ಮಗಳ ಮೇಲೆ ಮಾಡಿದೆ, ಹನ್ನೊಂದು ತಿಂಗಳು ಅವಳಿಗೆ. ನಾಲ್ಕು ಸಲ "ತುಂಟಿ" ಅಂತ ಬರೆದಿದ್ದೆ, ಎಲ್ಲಾ ಹೊಡೆದು ಹಾಕಿದೆ. ಉಳಿದದ್ದು ಇಷ್ಟೇ: ಚಮಚ ಕೆಳಗೆ ಹಾಕಿದಳು. ಎತ್ತಿ ಕೊಟ್ಟೆ. ಹಾಕಿದಳು. ಎತ್ತಿ ಕೊಟ್ಟೆ. ಒಟ್ಟು ಏಳು ಸಲ.

ಕಾಗದದ ದೋಣಿ:
ಚೆನ್ನಾಗಿದೆ! ಬಿದ್ದ ಮೇಲೆ ಚಮಚ ನೋಡಿದಳಾ, ನಿಮ್ಮ ಮುಖ ನೋಡಿದಳಾ?

ತುಂತುರು:
ಅಯ್ಯೋ, ನಾನು ಚಮಚ ಎತ್ತೋಕೆ ಬಗ್ಗಿದ್ದೆ, ನೋಡಲೇ ಇಲ್ಲ. ನಾಳೆ ಹೇಳುತ್ತೇನೆ.