ಜುಲೈನಲ್ಲಿ ಮಂಗಳೂರು: ಎಲ್ಲಿ ಇಳಿಯೋದು, ಓಡಾಟ ಹೇಗೆ?

ಬೆಂಗಳೂರು_ಪಯಣಿಗ:
ಅಪ್ಪ ಅಮ್ಮನ ಜೊತೆ ರಾತ್ರಿ ರೈಲಲ್ಲಿ ಬರ್ತಿದ್ದೀವಿ, ಮೂರು ದಿನಕ್ಕೆ. ರೂಮು ಹಂಪನಕಟ್ಟೆಯಲ್ಲಿ. ಬುಕಿಂಗ್‌ನಲ್ಲಿ ಸೆಂಟ್ರಲ್, ಜಂಕ್ಷನ್ ಅಂತ ಎರಡು ಸ್ಟೇಷನ್ ತೋರಿಸ್ತಿದೆ, ಯಾವುದು ಹತ್ತಿರ? ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ತಣ್ಣೀರುಬಾವಿ ಬೀಚ್, ಸೋಮವಾರ ಪಿಲಿಕುಳ ಅಂದ್ಕೊಂಡಿದ್ದೀವಿ. ಸಿಟಿ ಬಸ್ ಸಾಕಾ, ಕಾರು ಬೇಕಾ?

ಕುಡ್ಲದವ:
ಸೆಂಟ್ರಲ್‌ಗೇ ಟಿಕೆಟ್ ಮಾಡಿ. ಅಲ್ಲಿಂದ ಹಂಪನಕಟ್ಟೆಗೆ ನಡೆದೇ ಹೋಗಬಹುದು, ಲಗೇಜು ಇದ್ರೆ ರಿಕ್ಷಾ. ಜಂಕ್ಷನ್ ಇರೋದು ಪಡೀಲಿನ ಹತ್ರ, ಅಲ್ಲಿಂದ ಐದಾರು ಕಿಲೋಮೀಟರ್ ಒಳಗೆ ಬರಬೇಕು. ಒಂದು ಎಚ್ಚರ: ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಈ ಎರಡೂ ಸ್ಟೇಷನ್ನಿಗೆ ಬರುವುದಿಲ್ಲ, ಪಡೀಲಿನಲ್ಲೇ ತಿರುಗಿ ಉಡುಪಿ ಕಡೆ ಹೋಗ್ತದೆ. ಕರಾವಳಿ ರೈಲು ಅಂತ ಹೆಸರು ನೋಡಿ ಬುಕ್ ಮಾಡಬೇಡಿ.

ಜುಲೈ ಅಂದ್ರೆ ಘಟ್ಟದ್ದೇ ಚಿಂತೆ. 2024ರ ಜುಲೈ ಕೊನೆಗೆ ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣು ಜಾರಿ ಎಷ್ಟೋ ದಿನ ರೈಲೇ ಇರಲಿಲ್ಲ. ಅಂಥಾ ಮಳೆಗೆ ಶಿರಾಡಿ ರಸ್ತೆಯೂ ಬಂದ್ ಆಗ್ತದೆ. ಹೊರಡುವ ದಿನ ಎರಡನ್ನೂ ವಿಚಾರಿಸಿ, ವಾಪಸ್ ಹೋದ ಮರುದಿನವೇ ತಪ್ಪಿಸಲಾಗದ ಕೆಲಸ ಇಟ್ಕೊಳ್ಬೇಡಿ.

ನೇತ್ರಾವತಿ_ದಡ:
ದೋಣಿ ಮಳೆಗಾಲದಲ್ಲಿ ನಿಲ್ತದೆ ಮಾರಾಯ್ರೇ. ತಣ್ಣೀರುಬಾವಿಗೆ ರಸ್ತೆಯಲ್ಲೇ ಹೋಗಿ: ಕೂಳೂರು ಸೇತುವೆ ದಾಟಿ ಎಡಕ್ಕೆ. ಆದರೆ ನೀರಿಗೆ ಇಳಿಯಲೇಬೇಡಿ. ಮೊಣಕಾಲು ಮಟ್ಟದ ನೀರಲ್ಲೂ ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನೇ ಎಳ್ಕೊಂಡು ಹೋಗ್ತದೆ, ಹಿರಿಯರಿಗೆ ನಿಲ್ಲಲಿಕ್ಕೆ ಆಗುವುದಿಲ್ಲ. ಪಿಲಿಕುಳದ ಮೃಗಾಲಯಕ್ಕೆ ಸೋಮವಾರ ರಜೆ, ದಿನ ಬದಲಿಸಿ. ಆ ಸೋಮವಾರ ಕದ್ರಿ ದೇವಸ್ಥಾನ ನೋಡಿ. ಅಲೋಶಿಯಸ್ ಚಾಪೆಲ್ಲನ್ನೂ ಬಿಡಬೇಡಿ, ಛಾವಣಿ ತುಂಬಾ ಇಟಲಿಯ ಕಲಾವಿದ ಮೊಸ್ಕೆನಿಯ ಚಿತ್ರಗಳುಂಟು, ನಿಮ್ಮ ರೂಮಿನಿಂದ ಹತ್ತಿರವೇ.

ಮೀನೂಟದ ಆಸೆ ಇದ್ರೆ, ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ನಾಡದೋಣಿಯ ಮೀನು ಉಂಟಾ ಅಂತ ಹೋಟೆಲಲ್ಲಿ ಕೇಳಿ, ಇಲ್ಲದಿದ್ರೆ ಸಿಗುವುದು ಐಸಿನದ್ದೇ.

ಕುಡ್ಲದವ:
ಬಸ್ಸಿನದ್ದು ಬಿಟ್ಟುಹೋಯ್ತು. ಸಿಟಿ ಬಸ್ ಹೆಚ್ಚಿನವು ಖಾಸಗಿ, ಹೊರಡುವುದು ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಿಂದ. ನಿಮ್ಮ ರೂಮಿನಿಂದ ಅಲ್ಲಿಗೆ ಸ್ವಲ್ಪವೇ ದೂರ. ಕೆಎಸ್‌ಆರ್‌ಟಿಸಿ ಸ್ಟ್ಯಾಂಡ್ ಬಿಜೈಯಲ್ಲಿ, ಧರ್ಮಸ್ಥಳ ಗಿರ್ಮಸ್ಥಳ ಹೋಗುವುದಿದ್ರೆ ಅಲ್ಲಿಗೆ ಹೋಗಿ. ಡ್ರೈವರ್ ಪೂರ್ತಿ ನಿಲ್ಲಿಸುವ ಮೊದಲೇ ಜನ ಹತ್ತಿ ಇಳಿದು ಮಾಡ್ತಾರೆ, ಅಪ್ಪ ಅಮ್ಮನಿಗೆ ಅದು ಕಷ್ಟ. ಸಿಟಿಯೊಳಗೆ ಮೀಟರ್ ಹಾಕಿಸಿ ರಿಕ್ಷಾ, ಪಿಲಿಕುಳ ಮತ್ತು ತಣ್ಣೀರುಬಾವಿಯ ದಿನಕ್ಕೆ ಮಾತ್ರ ಕಾರು ಮಾಡಿ. ಕೊಡೆಗಿಂತ ರೈನ್‌ಕೋಟ್ ತನ್ನಿ, ಕಡಲ ಗಾಳಿಗೆ ಕೊಡೆ ಮಗುಚಿ ಹೋಗ್ತದೆ.

ಬೆಂಗಳೂರು_ಪಯಣಿಗ:
ಪಂಚಗಂಗಾಕ್ಕೇ ಸೀಟು ನೋಡ್ತಾ ಇದ್ದೆ! ಸೆಂಟ್ರಲ್‌ಗೆ ಮಾಡಿದೆ, ಪಿಲಿಕುಳ ಮಂಗಳವಾರಕ್ಕೆ ಹಾಕ್ಕೊಂಡೆ.