ಇಂಪ್ಲಿಮೆಂಟ್ ಎಲ್ಲಿ, ಎಕ್ಸಿಕ್ಯೂಟ್ ಎಲ್ಲಿ? ನಿಮ್ಮ ಅನುಭವ ಹೇಳಿ

ಓದಿದ್ದೆಲ್ಲ ಕನ್ನಡ ಮೀಡಿಯಂ. ಈಗ ಕೆಲಸದಲ್ಲಿ ತಿಂಗಳ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಯೋಜನೆ ಜಾರಿ ಮಾಡಿದೆವು ಅನ್ನೋದಕ್ಕೆ ಇಂಪ್ಲಿಮೆಂಟ್, ಎಕ್ಸಿಕ್ಯೂಟ್, ಎನ್‌ಫೋರ್ಸ್, ರೋಲ್ ಔಟ್ ಅಂತ ಎಷ್ಟೊಂದು ಪದ! ಯಾವುದು ಎಲ್ಲಿಗೆ? ನಿಮಗೆ ಹೇಗೆ ರೂಢಿಯಾಯಿತು?

*

ಹನ್ನೊಂದು ವರ್ಷದಿಂದ ಇಂಥ ವರದಿ ಬರೆಯುತ್ತಿದ್ದೇನೆ. ಮೊದಲು ಕನ್ನಡದಲ್ಲಿ ಹೇಗೆ ಹೇಳ್ತೀರಿ ಅಂತ ನೋಡಿಕೊಳ್ಳಿ. ನಮ್ಮಲ್ಲೂ ಇವು ಬೇರೆ ಬೇರೆಯೇ, ಅಲ್ವಾ? ಯೋಜನೆ ಅನುಷ್ಠಾನಕ್ಕೆ ಬರುತ್ತದೆ, ಅಲ್ಲಿ ಇಂಪ್ಲಿಮೆಂಟ್. ಹೆಲ್ಮೆಟ್ ಹಾಕದವರಿಗೆ ಪೊಲೀಸರು ದಂಡ ಹಾಕಿ ನಿಯಮ ಪಾಲಿಸುವಂತೆ ಮಾಡುತ್ತಾರೆ, ಅದು ಎನ್‌ಫೋರ್ಸ್. ಸಮೀಕ್ಷೆ, ತಪಾಸಣೆ, ರಿಪೇರಿಗೆಲ್ಲ ಕ್ಯಾರಿ ಔಟ್ ಸಾಕು. ಹೊಸದೊಂದನ್ನು ಊರೂರಿಗೆ ತಲುಪಿಸಲು ಶುರುಮಾಡಿದರೆ ರೋಲ್ ಔಟ್. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಬಂದಾಗ ಇಂಗ್ಲಿಷ್ ಪೇಪರುಗಳಲ್ಲಿ ಕಾಣುತ್ತಿದ್ದ ಪದ ಅದೇ.

ಒಂದು ಪಾಠ ಮಾತ್ರ ಪೆಟ್ಟು ತಿಂದು ಕಲಿತದ್ದು. ಒಂದು ಹಳ್ಳಿಯ ಕುಡಿಯುವ ನೀರಿನ ಕೆಲಸಕ್ಕೆ ‘ದ ಸ್ಕೀಮ್ ಹ್ಯಾಸ್ ಬೀನ್ ಇಂಪ್ಲಿಮೆಂಟೆಡ್’ ಅಂತ ಬರೆದುಬಿಟ್ಟೆ. ಪೈಪ್ ಹಾಕಿ ಆಗಿತ್ತು. ನಲ್ಲಿ ಕೂರಿಸಿ ಆಗಿತ್ತು. ಮೋಟರಿಗೆ ಕರೆಂಟ್ ಬಂದಿರಲಿಲ್ಲ. ಮೇಲಿನವರು ಓದಿ, ನೀರು ಬರ್ತಿದೆ ಅಂದುಕೊಂಡು ಟ್ಯಾಂಕರ್ ನಿಲ್ಲಿಸಿದರು. ಮೂರು ದಿನ ಆ ಊರಿನ ಹೆಂಗಸರು ತೋಟದ ಬೋರ್‌ವೆಲ್‌ನಿಂದ ಕೊಡ ಹೊತ್ತರು. ನನಗೆ ಇವತ್ತಿಗೂ ಅದು ಮರೆತಿಲ್ಲ. ಈಗ ಆ ಪದ ಬರೆದರೆ ಪಕ್ಕದಲ್ಲೇ ಎಲ್ಲಿವರೆಗೆ ಆಯಿತು ಅಂತಲೂ ಬರೆಯುತ್ತೇನೆ: ‘ಪೈಪ್‌ಲೈನ್ ಲೇಯ್ಡ್, 64 ಟ್ಯಾಪ್ಸ್ ಫಿಟೆಡ್, ಪವರ್ ಕನೆಕ್ಷನ್ ಪೆಂಡಿಂಗ್.’ ಓದಿದವರಿಗೆ ಅನುಮಾನವೇ ಬರುವುದಿಲ್ಲ.

*

ನಾನು ಪತ್ರ ಬರಹಗಾರರ ಹತ್ತಿರ ಕೆಲಸ ಮಾಡುತ್ತೇನೆ. ಎಕ್ಸಿಕ್ಯೂಟ್ ಬಗ್ಗೆ ಹುಷಾರು. ಕ್ರಯಪತ್ರ ಎಕ್ಸಿಕ್ಯೂಟ್ ಆಯಿತು ಅಂದರೆ ಬರೆದುಕೊಡುವವರು ಸಹಿ ಹಾಕಿದರು ಅಂತ ಅಷ್ಟೇ, ರಿಜಿಸ್ಟರ್ ಆಯಿತು ಅಂತಲ್ಲ. 1908ರ ನೋಂದಣಿ ಕಾಯ್ದೆ ಸಾಮಾನ್ಯವಾಗಿ ಸಹಿಯಾದ ದಿನದಿಂದ 4 ತಿಂಗಳೊಳಗೆ ಪತ್ರವನ್ನು ನೋಂದಣಿಗೆ ತರಬೇಕು ಅನ್ನುತ್ತದೆ. ಎರಡೂ ಒಂದೇ ಅಂದುಕೊಂಡು ಪತ್ರ ಬೀರುವಿನಲ್ಲಿಟ್ಟು ಕೂತವರನ್ನು ಕಣ್ಣಾರೆ ನೋಡಿದ್ದೇನೆ. ಕೆಲಸ, ಕಾರ್ಯಕ್ರಮದ ವಿಷಯಕ್ಕೆ ಇಂಪ್ಲಿಮೆಂಟ್ ಅನ್ನೇ ಇಟ್ಟುಕೊಳ್ಳಿ.

*

ಎಂಜಿನಿಯರ್ ಆಗಿ ಇನ್ನೊಂದು ಪದ ಸೇರಿಸ್ತೀನಿ, ಕಮಿಷನ್. ಲಂಚದ ಕಮಿಷನ್ ಅಲ್ಲ. ಯಂತ್ರ ಕೂರಿಸಿ, ಓಡಿಸಿ, ಪರೀಕ್ಷೆ ಮಾಡಿ, ಬಳಕೆಗೆ ಒಪ್ಪಿಸುವುದು. ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರಲ್ಲಿ ಕಮಿಷನ್ ಆಯಿತು ಅಂದರೆ ಆ ವರ್ಷ ಕೆಜಿಎಫ್‌ಗೆ ಕರೆಂಟ್ ಹರಿಯಿತು ಅಂತ. ಮೇಲೆ ಹೇಳಿದ ಹಳ್ಳಿಯಲ್ಲಿ ಆಗದೆ ಉಳಿದದ್ದು ಇದೇ.