ಅಪ್ಪನ ಸಿಲಿಕೋನ್ ಮೂಗು ಬಿಳಿಚಿದೆ, ಬ್ಲೀಚ್ ಹಾಕಿದ್ದಕ್ಕಾ?

ಮಲ್ಪೆ ಮಗಳು:
ಗೊತ್ತಿದ್ದವರು ಹೇಳಿ. ಕ್ಯಾನ್ಸರ್ ಆಪರೇಷನಲ್ಲಿ ಅಪ್ಪನ ಮೂಗು ತೆಗ್ದಿದ್ರು, ಸಿಲಿಕೋನಿಂದು ಮಾಡಿಸಿ ಎಂಟು ತಿಂಗಳಾಯ್ತು. ಸುರುವಿಗೆ ಎಷ್ಟು ಚಂದ ಇತ್ತು ಅಂದ್ರೆ ಬಂದರಲ್ಲಿ ಗುರ್ತದವರಿಗೇ ಗೊತ್ತಾಗ್ಲಿಲ್ಲ. ಈಗ ಹೊಳ್ಳೆ ಹತ್ರದ ಕೆಂಪು ಹೋಗಿ ಸುಣ್ಣ ಬಳಿದ ಹಾಗಾಗಿದೆ, ಅಂಚು ಹಳದಿ. ಮಳೆಗಾಲದಲ್ಲಿ ವಾಸನೆ ಬರ್ತದೆ, ಇನ್ಫೆಕ್ಷನ್ ಆಗ್ಬಾರ್ದು ಅಂತ ದಿನಾ ರಾತ್ರಿ ನಾನೇ ಬಟ್ಟೆಯ ಬ್ಲೀಚ್ ನೀರಿಗೆ ಹಾಕಿ ಅದ್ದಿಡ್ತಿದ್ದೆ. ಅಪ್ಪ ಈಗ ಮಾಸ್ಕ್ ಇಲ್ದೆ ಹೊರಗೇ ಹೋಗುದಿಲ್ಲ. ನನ್ನಿಂದ ಹಾಳಾಯ್ತಾ?

ಪ್ರಾಸ್ಥೋ ಪಿಜಿ, ಮಂಗಳೂರು:
ನಾನು ಪ್ರಾಸ್ಥೋಡಾಂಟಿಕ್ಸ್, ಅಂದ್ರೆ ಕೃತಕ ಹಲ್ಲು, ಮೂಗು, ಕಿವಿ ಮಾಡುವ ವಿಭಾಗದಲ್ಲಿ ಪಿಜಿ ಓದ್ತಿದ್ದೇನೆ. ಬ್ಲೀಚ್ ಇವತ್ತೇ ನಿಲ್ಲಿಸಿ. ಅದು ಸೋಡಿಯಂ ಹೈಪೋಕ್ಲೋರೈಟ್, ಕ್ರಿಮಿ ಸಾಯ್ತದೆ ಸರಿ, ಬಣ್ಣವನ್ನೂ ಆಕ್ಸಿಡೈಸ್ ಮಾಡಿ ತೆಗೀತದೆ. ಇದ್ರಲ್ಲಿ ಎರಡು ಥರ ಬಣ್ಣ, ಸಿಲಿಕೋನ್ ಗಟ್ಟಿಯಾಗುವ ಮೊದ್ಲೇ ಒಳಗೆ ಕಲಸಿದ್ದು ಒಂದು, ಪೇಷಂಟನ್ನ ಎದುರು ಕೂರಿಸಿ ಮೇಲೆ ಹಚ್ಚಿದ್ದು ಇನ್ನೊಂದು. ಹೊಳ್ಳೆಯ ಕೆಂಪು ಹೆಚ್ಚಾಗಿ ಮೇಲಿಂದು, ಬೇಗ ಹೋಗುದೂ ಅದೇ. ಹಾಗಂತ ಎಲ್ಲಾ ನಿಮ್ಮ ತಲೆಗೆ ಹಾಕ್ಕೊಳ್ಬೇಡಿ. ಲ್ಯಾಬಲ್ಲಿ ಸಿಲಿಕೋನ್ ತುಂಡಿಗೆ ಯಾವ ಸೋಂಕುನಾಶಕವೂ ಮುಟ್ಟಿಸದೆ ಬರೀ ಯುವಿ ಬೆಳಕು, ತೇವ ಕೊಟ್ರೂ ಬಣ್ಣ ಬದಲಾಗ್ತದೆ, ನಮ್ಮ ಕರಾವಳಿಯಲ್ಲಿ ಅವೆರಡೂ ಧಾರಾಳ. ಅಂಚಿನ ಹಳದಿಗೆ ಬೆವರು, ಚರ್ಮದ ಎಣ್ಣೆ, ಮೂಗನ್ನ ಮುಖಕ್ಕೆ ಕೂರಿಸ್ಲಿಕ್ಕೆ ಹಚ್ಚಿ ಉಳಿದ ಅಂಟು ಕಾರಣ ಇರ್ಬಹುದು. ಮೂಗಿನ ಒಳಬದಿ ಹೇಗುಂಟು ನೋಡಿ.

ಸುರತ್ಕಲ್:
ನಂದು ಕಿವಿ, ಇದು ಎರಡನೇದ್ದು. ಮೊದಲಿಂದನ್ನ ಒಣಗ್ಲಿ ಅಂತ ದಿನಾ ಕಿಟಕಿ ದಂಡೆಯಲ್ಲಿ ಬಿಸಿಲಿಗೆ ಇಡ್ತಿದ್ದೆ, ಎದುರು ಬದಿ ಪೂರಾ ಮಾಸಿತು, ಹಿಂದೆ ಮಾತ್ರ ಹೊಸತರ ಹಾಗೇ ಇತ್ತು, ನೋಡಿ ಹೊಟ್ಟೆ ಉರೀತು ಮಾರಾಯ್ರೆ. ಈಗ ರಾತ್ರಿ ತೆಗ್ದು ಮೈಲ್ಡ್ ಸೋಪು, ಬೆರಳು, ಮಕ್ಕಳ ಮೆತ್ತಗಿನ ಬ್ರಷ್ಷು, ಅಷ್ಟೇ. ಒರೆಸಿ ನೆರಳಲ್ಲಿ ಒಣಗಿಸಿ ಡಬ್ಬಿಗೆ. ಅಂಟು ತೆಗೀಲಿಕ್ಕೆ ಸ್ಪಿರಿಟ್ ಹಾಕಿ ಉಜ್ಜಬೇಡಿ, ಮೇಲಿನ ಬಣ್ಣ ಹತ್ತಿಗೇ ಬರ್ತದೆ.

ಮಲ್ಪೆ ಮಗಳು:
ಈಗಷ್ಟೇ ತಿರುಗಿಸಿ ನೋಡಿದೆ, ಒಳಬದಿ ಬಣ್ಣ ಹಾಗೇ ಉಂಟು!

ಪ್ರಾಸ್ಥೋ ಪಿಜಿ, ಮಂಗಳೂರು:
ಹಾಗಾದ್ರೆ ಒಳಗೆ ಕಲಸಿದ ಬಣ್ಣ ಉಳಿದಿರ್ಬೇಕು. ಅಂಚು ಹರೀದೆ ಇದ್ರೆ ಮೇಲಿಂದು ಪುನಃ ಹಚ್ಚಲಿಕ್ಕೆ ಆಗ್ಬಹುದು, ಮಾಡಿಕೊಟ್ಟಲ್ಲೇ ಕೇಳಿ, ಬ್ಲೀಚ್ ಹಾಕಿದ್ದನ್ನ ಮುಚ್ಚಿಡ್ಬೇಡಿ. ಮೂಗು ಮಾತ್ರ ಡಬ್ಬಿಯಲ್ಲಿ ಕಳಿಸಿದ್ರೆ ಆಗುದಿಲ್ಲ, ಅಪ್ಪನ ಚರ್ಮ ನೋಡಿಯೇ ಬಣ್ಣ ಹೊಂದಿಸ್ಬೇಕು, ಅದೂ ಹಗಲು ಬೆಳಕಲ್ಲಿ, ಹಾಗಾಗಿ ಬೆಳಿಗ್ಗೆಯ ಟೈಮೇ ತಗೊಳ್ಳಿ.